ವಾಸನೆ ಅಡಗಿಸಲು ಸಾಬೂನೇ, ಇದ್ದಿಲಿನ ಉಡುಪೇ?

ಅಮೆರಿಕದಲ್ಲಿ ಪರವಾನಗಿ ಪಡೆದು ಬಿಳಿಬಾಲದ ಜಿಂಕೆಯನ್ನು ಬಿಲ್ಲಿನಿಂದ ಬೇಟೆಯಾಡುವವರು ಸಾಮಾನ್ಯವಾಗಿ 20–30 ಮೀಟರ್ ಸಮೀಪದಲ್ಲಿ ಕಾಯಬೇಕಾಗುವುದರಿಂದ, ಮೈವಾಸನೆಯ ನಿಯಂತ್ರಣ ಅವರಿಗೆ ಬಹಳ ಮುಖ್ಯ. ಸುಗಂಧರಹಿತ ಸಾಬೂನಿನಲ್ಲಿ ಸ್ನಾನ ಮಾಡಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಒಗೆದ ಬಟ್ಟೆಯನ್ನು ಬಯಲಲ್ಲಿ ಒಣಗಿಸಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ಒಯ್ದು ಕಾಡಿನಂಚಿನಲ್ಲೇ ತೊಡುವ ಕ್ರಮಕ್ಕೆ ಖರ್ಚು ಕಡಿಮೆ, ಶಿಸ್ತು ಹೆಚ್ಚು. ದಾರಿಯಲ್ಲಿ ಅದೇ ಬೂಟು ತೊಟ್ಟು ಪೆಟ್ರೋಲ್ ಹಾಕಿಸಿದರೆ ಅಷ್ಟೂ ಶ್ರಮ ವ್ಯರ್ಥ. ಸಕ್ರಿಯ ಇದ್ದಿಲಿನ ಪದರವಿರುವ ಉಡುಪು ದುಬಾರಿ. ಅದು ವಾಸನೆಯ ಕಣಗಳನ್ನು ಹಿಡಿದಿಟ್ಟುಕೊಂಡರೂ, ತುಂಬಿಹೋದ ಇದ್ದಿಲನ್ನು ಮನೆಯಲ್ಲಿ ಬಟ್ಟೆ ಒಣಗಿಸುವ ಡ್ರೈಯರ್‌ನ ಶಾಖ ಪೂರ್ತಿ ತೆರವುಗೊಳಿಸಲಾರದು, ಬಾಯಿಯ ಉಸಿರನ್ನಂತೂ ಆ ಉಡುಪು ತಡೆಯುವುದಿಲ್ಲ. ಹೊಸಬರು ಮೊದಲ ಕ್ರಮವನ್ನೇ ಹಿಡಿದು, ಉಳಿದ ಹಣದಲ್ಲಿ ರಬ್ಬರ್ ಬೂಟು ಕೊಳ್ಳುವುದು ಲೇಸೆಂಬುದು ನನ್ನ ದೃಢ ಅಭಿಪ್ರಾಯ. ಎರಡರಲ್ಲಿ ಯಾವುದಾದರೂ, ಜಿಂಕೆಗಾಗಿ ಕಾಯಲು ಮರವೇರುವ ಮುನ್ನ ಚಿಟಿಕೆ ಪುಡಿ ತೂರಿ, ಗಾಳಿ ಜಿಂಕೆಯ ಹಾದಿಯಿಂದ ತಮ್ಮತ್ತ ಬೀಸುತ್ತಿದೆಯೇ ಎಂದು ನೋಡಿಕೊಳ್ಳಬೇಕು.