ಕಾಂಗರೂ ವಾರ್ಡ್: ತಂಗಿಯ ಕೂಸಿನ ಜೊತೆ ಹದಿನೈದು ದಿನ

ಕೊಪ್ಪಳ ಜಿಲ್ಲೆಯಲ್ಲಿ ತೂಕ ಕಡಿಮೆ ಇರುವ ಕೂಸು ಹುಟ್ಟಿ ಗಾಬರಿಯಲ್ಲಿರುವ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆ ಸರ್ಕಾರಿ, ಹೆಸರು ಹಾಕುವುದಿಲ್ಲ. ಕೆಳಗೆ ಒಂದು ದೂರೂ ಇದೆ, ಅದರಿಂದ ಅಲ್ಲಿ ರಾತ್ರಿ ಹಗಲು ದುಡಿಯುವ ಸಿಸ್ಟರ್‌ಗಳಿಗೆ ತೊಂದರೆ ಆಗಬಾರದು. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ.

ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಎಂಟನೇ ತಿಂಗಳಲ್ಲೇ ನೋವು ಬಂತು. ಕೂಸು 1,480 ಗ್ರಾಂ. ಕೂಡಲೇ ಒಳಗೆ ಒಯ್ದು ಕಾವು ಕೊಡುವ ವಾರ್ಮರ್ ಕೆಳಗೆ ಮಲಗಿಸಿದರು, ನಾವು ಹೊರಗೆ. ನಾಲ್ಕು ದಿನ ಹಾಗೇ. ಐದನೇ ದಿನ ಸಿಸ್ಟರ್ ಬಂದು, ಇನ್ನು ಕೂಸಿಗೆ ಕಾಂಗರೂ ಆರೈಕೆ ಶುರು ಮಾಡೋಣ ಅಂದರು. ಕೂಸನ್ನು ಬರಿ ಮೈಯಲ್ಲಿ ತಾಯಿಯ ಎದೆಗೆ ತಾಗಿಸಿ ಕಟ್ಟಿ ಬೆಚ್ಚಗಿಡುವುದಕ್ಕೆ ಹಾಗನ್ನುತ್ತಾರೆ.

ವಾರ್ಡ್ ಅಂದರೆ ಆರು ಒರಗು ಕುರ್ಚಿ ಇರುವ ಒಂದು ಕೋಣೆ, ಅಷ್ಟೇ. ಸಿಸ್ಟರ್ ಕೂಸಿನ ಅಂಗಿ ತೆಗೆದರು. ಮೈಮೇಲೆ ಲಂಗೋಟಿ, ತಲೆಗೆ ಕುಂಚಿಗೆ, ಕಾಲಿಗೆ ಕಾಲುಚೀಲ, ಬೇರೇನಿಲ್ಲ. ತಂಗಿಯ ಎದೆಯ ಮೇಲೆ ಕಪ್ಪೆ ಕೂತ ಹಾಗೆ ಕೂರಿಸಿ, ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಕುತ್ತಿಗೆ ಬಾಗದ ಹಾಗೆ, ಮೂಗು ಮುಚ್ಚದ ಹಾಗೆ ಬಟ್ಟೆಯಿಂದ ಕಟ್ಟಿದರು. ನಮ್ಮ ಅವ್ವನಿಗೆ ಸಿಟ್ಟು ಬಂತು. "ಬಾಣಂತಿ ಎದೆ ಬಿಚ್ಚಿ ಕುಂತರ ಇಬ್ಬರಿಗೂ ಥಂಡಿ ಆಗತೈತಿ" ಅಂತ. ಸಿಸ್ಟರ್ ವಾದ ಮಾಡಲಿಲ್ಲ. ಕಾಲುಚೀಲ ಸರಿಸಿ ಅವ್ವನ ಕೈ ಹಿಡಿದು ಕೂಸಿನ ಪಾದ ಮುಟ್ಟಿಸಿದರು. ತಣ್ಣಗಿತ್ತು. ಒಂದು ತಾಸು ಬಿಟ್ಟು ಮತ್ತೆ ಮುಟ್ಟಿಸಿದರು. ಬೆಚ್ಚಗಿತ್ತು. ಅವ್ವ ತನ್ನ ಕೈಯನ್ನೇ ನೋಡಿಕೊಂಡು ಸುಮ್ಮನೆ ಕೂತಳು. ಮರುದಿನದಿಂದ ತಂಗಿ ಊಟಕ್ಕೆ ಎದ್ದರೆ ಅವ್ವನೇ "ತಾ ಇಲ್ಲಿ" ಅಂತ ಕೂಸನ್ನು ಎದೆಗೆ ಕಟ್ಟಿಸಿಕೊಳ್ಳುತ್ತಿದ್ದಳು. ರಾತ್ರಿ ಪಾಳಿ ನನ್ನದು. ಆ ಪುಟ್ಟ ಉಸಿರು ನಮ್ಮ ಉಸಿರಿನ ಜೊತೆ ಏರುವುದು ಇಳಿಯುವುದು ಗೊತ್ತಾಗುತ್ತದೆ, ಒಂದು ಕ್ಷಣ ತಡವಾದರೆ ನಮ್ಮ ಜೀವ ಝಲ್ ಅನ್ನುತ್ತದೆ.

ಹಾಲು ಮೊದಲು ಒಳಲೆಯಲ್ಲಿ. ತಾಯಿಯ ಹಾಲೇ, ಹಿಂಡಿ ತೆಗೆದದ್ದು. ಎದೆಗೆ ಕೂಸು ತಾಗಿದ್ದರೆ ಹಾಲು ಜಾಸ್ತಿ ಬರುತ್ತದೆ ಅಂತ ಸಿಸ್ಟರ್ ಹೇಳಿದ್ದು ಮೂರೇ ದಿನಕ್ಕೆ ಕಣ್ಣಿಗೆ ಕಂಡಿತು. ದಿನಾ ಬೆಳಿಗ್ಗೆ ತೂಕ. 1,390ಕ್ಕೆ ಇಳಿದಿದ್ದ ಕೂಸು ಹದಿನೈದು ದಿನದಲ್ಲಿ 1,720 ಆಯಿತು.

ಇದು ದುಡ್ಡಿಲ್ಲದವರಿಗೆ ಹೇಳುವ ಸಮಾಧಾನದ ಮಾತೇನೋ ಅಂತ ನನಗೂ ಮೊದಲು ಅನ್ನಿಸಿತ್ತು. ಹಾಗಲ್ಲ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಅನ್ನುವ ಮಕ್ಕಳ ಡಾಕ್ಟರು ಇದನ್ನು ಶುರು ಮಾಡಿದ್ದು ಕೂಸನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಸಾಲದೆ, ನಿಜ. ಆದರೆ ಆಮೇಲೆ ದೊಡ್ಡ ದೊಡ್ಡ ಪರೀಕ್ಷೆಗಳಲ್ಲಿ ಇದು ಗೆದ್ದಿದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಹಳ್ಳಿ ಪಟ್ಟಣಗಳಲ್ಲಿ ಎಲ್ಲರಿಗೂ ಮುಟ್ಟಿಸುವುದು ಹೇಗೆ ಅಂತ ಇಥಿಯೋಪಿಯಾದಲ್ಲೂ ನಮ್ಮ ದೇಶದ ಮೂರು ರಾಜ್ಯಗಳಲ್ಲೂ ಅಧ್ಯಯನ ಮಾಡಿಸಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ನಮ್ಮ ಕೊಪ್ಪಳ ಜಿಲ್ಲೆಯನ್ನೇ. ಎರಡು ಕೇಜಿಗಿಂತ ಕಮ್ಮಿ ತೂಕದ ಕೂಸುಗಳ ಮೇಲೆ ಆದ ಕೆಲಸ ಅದು. ನಮ್ಮೂರ ಬಾಣಂತಿಯರು ಎದೆಗೆ ಕೂಸು ಕಟ್ಟಿಕೊಂಡು ಕೂತು ತೋರಿಸಿದ್ದನ್ನು ಜಗತ್ತಿನ ಡಾಕ್ಟರುಗಳು ಓದಿದ್ದಾರೆ. ಇದನ್ನು ಅವ್ವನಿಗೆ ಹೇಳಿದಾಗ ಅವಳ ಮುಖ ನೋಡಬೇಕಿತ್ತು.

ಇನ್ನು ಒಂದು ಸ್ಟಾರ್ ಯಾಕೆ ಕಮ್ಮಿ. ಆ ನಾಲ್ಕು ದಿನ. ಕೂಸಿನ ಸ್ಥಿತಿ ಸುಧಾರಿಸಲಿ, ಆಮೇಲೆ ತಾಯಿಗೆ ಕೊಡೋಣ ಅನ್ನುವುದು ಹಳೇ ಪದ್ಧತಿ. 2021ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಇದನ್ನೇ ಕೇಳಿತ್ತು: ಕಾಯದೆ, ಹುಟ್ಟಿದ ಕೂಡಲೇ ಶುರು ಮಾಡಿದರೆ ಏನಾಗುತ್ತದೆ? ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳಲ್ಲಿ, ಒಂದರಿಂದ 1.8 ಕೇಜಿ ಒಳಗಿನ 3,211 ಕೂಸುಗಳು. ಕಾದು ಶುರು ಮಾಡಿದ ಕಡೆ 28 ದಿನದೊಳಗೆ ಶೇ. 15.7 ಕೂಸುಗಳು ತೀರಿಕೊಂಡವು, ಕೂಡಲೇ ಶುರು ಮಾಡಿದ ಕಡೆ ಶೇ. 12. ವ್ಯತ್ಯಾಸ ಇಷ್ಟು ಸ್ಪಷ್ಟ ಇದ್ದದ್ದರಿಂದ ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹುಟ್ಟಿದ ಕೂಡಲೇ ಶುರು ಮಾಡಿ, ದಿನಕ್ಕೆ 8ರಿಂದ 24 ತಾಸು ಮಾಡಿ ಅಂತ ಹೇಳಿತು. ಹಾಗೆ ಮಾಡಬೇಕಂದರೆ ಕೂಸಿನ ವಾರ್ಮರ್ ಪಕ್ಕದಲ್ಲೇ ತಾಯಿಗೂ ಮಂಚ ಬೇಕು. ಇಲ್ಲಿ ಅದಿಲ್ಲ. ತಂಗಿ ಬೇರೆ ವಾರ್ಡಿನಲ್ಲಿ ಗೋಡೆ ನೋಡಿಕೊಂಡು ಅಳುತ್ತಿದ್ದಳು, ಕೂಸು ಎರಡು ಬಾಗಿಲು ಆಚೆ ಒಂದೇ ಮಲಗಿತ್ತು. ನೆನೆಸಿಕೊಂಡರೆ ಇವತ್ತಿಗೂ ಸಂಕಟ ಆಗುತ್ತದೆ.

ಇನ್ನೊಂದು ಸಣ್ಣ ಮಾತು, ಪರದೆ. ಬಾಗಿಲಲ್ಲಿ ಗಂಡಸರು ಸುಳಿದಾಗಲೆಲ್ಲ ಹೆಣ್ಣುಮಕ್ಕಳು ನಾಚಿ ಕೂಸನ್ನು ಇಳಿಸಿ ಸೆರಗು ಹೊದ್ದುಕೊಳ್ಳುತ್ತಾರೆ. ಆರು ಪರದೆಗೆ ಎಷ್ಟು ಖರ್ಚಾದೀತು, ಅಲ್ವಾ?

ಹೋಗುವವರು ಮುಂದೆ ಗುಂಡಿ ಇರುವ ಎರಡು ನೈಟಿ, ಮೆತ್ತನೆಯ ಹಳೇ ಹತ್ತಿ ಸೀರೆ, ನಾಲ್ಕು ಕುಂಚಿಗೆ ಒಯ್ಯಿರಿ. ಪಾಳಿಗೆ ಮನೆಯಿಂದ ಇನ್ನಿಬ್ಬರು ಬೇಕು, ತಂದೆಯೂ ಎದೆಗೆ ಹಾಕಿಕೊಳ್ಳಬಹುದು. ಮತ್ತೆ ಮೊದಲ ದಿನವೇ, ಅಳುಕದೆ, ಡಾಕ್ಟರನ್ನು ಕೇಳಿ: ಸರ್, ಕಾಂಗರೂ ಇವತ್ತೇ ಶುರು ಮಾಡಬಹುದಾ?