ಅಂಗಡಿ ಕಂಪ್ಯೂಟರ್‌ಗೆ ವಿಂಡೋಸ್ ಪ್ರಿವ್ಯೂ ಹಾಕಿಸಬ್ಯಾಡ್ರಿ

ಕಾಲೇಜು ಅಡ್ಮಿಷನ್ ಹೊತ್ತಿಗೆ ಜಾತಿ-ಆದಾಯ ಪ್ರಮಾಣಪತ್ರ, 371(ಜೆ) ಅರ್ಜಿ ಅಂತ ಆನ್‌ಲೈನ್ ಸೆಂಟರ್‌ಗಳ ಮುಂದೆ ಪಾಳಿ ಹಚ್ಚಿರುತ್ತಾರೆ. ಅಂಥ ಹೊತ್ತಿನಲ್ಲೇ ಕಲಬುರಗಿಯ ಒಂದು ಸೆಂಟರ್‌ನ ಕಂಪ್ಯೂಟರ್ ರಿಪೇರಿಗೆ ಬಂತು. ದೂರು ಇಷ್ಟು: ಬೆರಳಚ್ಚು ಸ್ಕ್ಯಾನರ್ ತಗೊಳ್ಳಲ್ಲ, ಪ್ರಿಂಟರ್‌ಗೆ ಕೊಟ್ಟದ್ದು ಅರ್ಧಕ್ಕೆ ನಿಲ್ಲುತ್ತದೆ, ಆಗಾಗ ಸ್ಕ್ರೀನ್ ಪೂರ್ತಿ ಹಸಿರಾಗಿ ಮಷಿನ್ ತಾನೇ ರೀಸ್ಟಾರ್ಟ್ ಆಗುತ್ತದೆ.

ಹಸಿರು ಅಂದ ಕೂಡಲೇ ಅರ್ಧ ಉತ್ತರ ಸಿಕ್ಕಂಗೆ. ಮಾಮೂಲಿ ವಿಂಡೋಸ್ ಕೆಟ್ಟು ನಿಂತರೆ ಪರದೆ ನೀಲಿ ಆಗುತ್ತಿತ್ತು, ಈಚಿನ ವಿಂಡೋಸ್ 11ರಲ್ಲಿ ಕಪ್ಪು. ಹಸಿರು ಪರದೆ ಪ್ರಿವ್ಯೂ ಬಿಲ್ಡ್‌ನ, ಅಂದರೆ ಎಲ್ಲರಿಗೂ ಬಿಡುವ ಮೊದಲು ಪರೀಕ್ಷೆಗೆಂದು ಕೊಡುವ ಕಚ್ಚಾ ವಿಂಡೋಸ್‌ನ ಗುರುತು. ಡೆಸ್ಕ್‌ಟಾಪ್‌ನ ಬಲಗಡೆ ಕೆಳಮೂಲೆಯಲ್ಲಿ ಇವ್ಯಾಲ್ಯುಯೇಷನ್ ಕಾಪಿ ಎಂಬ ಸಣ್ಣ ಸಾಲು, ಪಕ್ಕಕ್ಕೆ ಬಿಲ್ಡ್ ನಂಬರ್ ಕೂಡ ಇತ್ತು. ಯಾರೂ ಅದನ್ನು ಓದಿರಲಿಲ್ಲ.

ಹಾಕಿಸಿದ ಕಾರಣ ಗೊತ್ತಿರುವಂಥದ್ದೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್ ಆದರೆ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್, 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಕಲಬುರಗಿ, ಬೀದರ್, ಯಾದಗಿರಿ ಕಡೆ ಸೆಕೆಂಡ್ ಹ್ಯಾಂಡ್ ಆಗಿ ಬಂದು ಅಂಗಡಿಗಳಲ್ಲಿ ಕೂತಿರುವ ಆಫೀಸ್ ಡೆಸ್ಕ್‌ಟಾಪ್‌ಗಳಲ್ಲಿ 4, 6, 7ನೇ ಜನರೇಷನ್‌ನವೇ ಬೇಕಾದಷ್ಟಿವೆ. ಆಗ ಯಾರೋ ಹುಡುಗ ಬಂದು "ಹೊಸ ವಿಂಡೋಸ್ ಹಾಕ್ಕೊಡ್ತೀನ್ರಿ, ಫ್ರೀ ಅದ" ಅಂತಾನೆ. ಒಂದು ಸ್ಕ್ರಿಪ್ಟ್ ಓಡಿಸಿ, ತಪಾಸಣೆ ದಾಟಿಸಿ, ಇನ್‌ಸೈಡರ್ ಎಂಬ ಮೈಕ್ರೋಸಾಫ್ಟ್‌ನ ಪರೀಕ್ಷಾ ಕಾರ್ಯಕ್ರಮದ ಡೆವ್ ಚಾನಲ್‌ಗೆ ಮಷಿನ್ ಸೇರಿಸಿ ಹೋಗುತ್ತಾನೆ. ಮೊದಲ ವಾರ ಎಲ್ಲವೂ ಚೆಂದ.

ಚಾನಲ್ ಅಂದರೆ ಯಾವ ಮಟ್ಟದ ಕಚ್ಚಾ ಸರಕು ನಿಮಗೆ ಬರಬೇಕು ಎಂಬ ಆಯ್ಕೆ. ಮೊದಲು ಫಾಸ್ಟ್ ರಿಂಗ್, ಸ್ಲೋ ರಿಂಗ್ ಅಂತಿದ್ದವು, 2020ರಲ್ಲಿ ಡೆವ್, ಬೀಟಾ, ರಿಲೀಸ್ ಪ್ರಿವ್ಯೂ ಆದವು, 2023ರಲ್ಲಿ ಇವೆಲ್ಲಕ್ಕಿಂತ ಕಚ್ಚಾ ಆದ ಕ್ಯಾನರಿ ಸೇರಿತು. ಹೆಸರು ಏನೇ ಇರಲಿ, ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿಂದ ಫಾರ್ಮ್ಯಾಟ್ ಮಾಡದೆ ಹೊರಗೆ ಬರಬಹುದಾ? ಕ್ಯಾನರಿ, ಡೆವ್‌ಗಳಲ್ಲಿ ಬಿಲ್ಡ್ ನಂಬರ್ ಸಾಮಾನ್ಯವಾಗಿ ಹೊರಗೆ ಬಿಟ್ಟ ವಿಂಡೋಸ್‌ಗಿಂತ ಮುಂದೆ ಹೋಗಿರುತ್ತದೆ. ಹೆಚ್ಚಿನ ನಂಬರ್‌ನಿಂದ ಕಡಿಮೆ ನಂಬರ್‌ಗೆ ಫೈಲು, ಪ್ರೋಗ್ರಾಂ ಉಳಿಸಿಕೊಂಡು ಇಳಿಯಲು ಸೆಟಪ್ ಬಿಡುವುದಿಲ್ಲ. ಕ್ಲೀನ್ ಇನ್‌ಸ್ಟಾಲ್ ಒಂದೇ ದಾರಿ.

"ಬ್ಯಾಡಾದ್ರ ಹತ್ತು ದಿನದಾಗ ವಾಪಸ್ ಹೋಗಬಹುದಲ್ರಿ" ಅಂತ ಹೇಳುವವರಿದ್ದಾರೆ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ ಗೋ ಬ್ಯಾಕ್ ಬಟನ್ ಇರುವುದೂ, ಅದರ ಗಡುವು 10 ದಿನ ಎಂಬುದೂ ನಿಜ. ಈ ಮಷಿನ್ ಮೋಸ ಹೋದದ್ದೂ ಅಲ್ಲೇ. ಗೋ ಬ್ಯಾಕ್ ನಡೆಯುವುದು ಸಿ ಡ್ರೈವ್‌ನ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಆಧಾರದ ಮೇಲೆ. ಹೊಸ ಪ್ರಿವ್ಯೂ ಬಿಲ್ಡ್ ಪೂರ್ಣ ಅಪ್‌ಗ್ರೇಡ್ ರೂಪದಲ್ಲಿ ಬಂದರೆ ಆ ಫೋಲ್ಡರ್‌ನಲ್ಲಿದ್ದ ವಿಂಡೋಸ್ 10 ಅಳಿಸಿ, ಅದರ ಜಾಗದಲ್ಲಿ ಹಿಂದಿನ ಪ್ರಿವ್ಯೂ ಕೂರುತ್ತದೆ. ಎರಡನೇ ಬಿಲ್ಡ್ ಇಳಿದ ಮೇಲೆ ಗೋ ಬ್ಯಾಕ್ ಒತ್ತಿದರು. ಮುಕ್ಕಾಲು ಗಂಟೆ ತಿರುಗಿ ಮೊದಲನೇ ಪ್ರಿವ್ಯೂಗೆ ಬಂದು ನಿಂತಿತು. ಅಲ್ಲಿಂದ ಹಿಂದೆ ಹೋಗಲು ಏನೂ ಉಳಿದಿರಲಿಲ್ಲ. ಡಿಸ್ಮ್ ಕಮಾಂಡ್‌ನಿಂದ ಈ ಗಡುವನ್ನು 60 ದಿನದವರೆಗೆ ಹಿಗ್ಗಿಸಬಹುದು, ಆದರೆ ಫೋಲ್ಡರ್ ಒಳಗಿನ ಸರಕೇ ಬದಲಾದ ಮೇಲೆ ಗಡುವು ಹಿಗ್ಗಿಸಿ ಏನು ಬಂತು? ಡಿಸ್ಕ್ ಕ್ಲೀನಪ್ ಮಾಡುವಾಗ ಹಿಂದಿನ ವಿಂಡೋಸ್ ಎಂಬ ಬಾಕ್ಸ್‌ಗೆ ಟಿಕ್ ಹಾಕಿದರೂ ಅದೇ ಗತಿ.

ಸ್ಕ್ಯಾನರ್ ಯಾಕೆ ಸತ್ತಿತು? ಹೊಸ ಬಿಲ್ಡ್‌ಗಳಲ್ಲಿ ಕೋರ್ ಐಸೋಲೇಷನ್ ಒಳಗಿನ ಮೆಮೊರಿ ಇಂಟೆಗ್ರಿಟಿ ಎಂಬ ಭದ್ರತಾ ಸೌಲಭ್ಯ ಆನ್ ಆಗಿದ್ದರೆ ಅದಕ್ಕೆ ಹೊಂದದ ಹಳೆಯ ಡ್ರೈವರ್ ಲೋಡ್ ಆಗುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ ಬರುತ್ತದೆ, ಬೆರಳಚ್ಚನ್ನು ಆಧಾರ್ ದೃಢೀಕರಣಕ್ಕೆ ಒದಗಿಸುವ ಆರ್‌ಡಿ ಸರ್ವಿಸ್ ಎಂಬ ಸಾಫ್ಟ್‌ವೇರ್ ನಾಟ್ ರೆಡಿ ಅನ್ನುತ್ತದೆ, ಆಧಾರ್ ದೃಢೀಕರಣದ ಕೆಲಸ ನಿಲ್ಲುತ್ತದೆ. ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿದರೆ ಸ್ಕ್ಯಾನರ್ ಏಳಬಹುದು, ಆದರೆ ಜನರ ಆಧಾರ್ ಮುಟ್ಟುವ ಮಷಿನ್‌ನಲ್ಲಿ ಭದ್ರತೆ ಕಳಚಿ ಕೆಲಸ ನಡೆಸುವುದನ್ನು ಯಾರಿಗೂ ಹೇಳಲಾಗದು. ಸ್ಕ್ಯಾನರ್ ಕಂಪನಿಯವರಾದರೂ ಡ್ರೈವರ್ ಬರೆಯುವುದು ಹೊರಗೆ ಬಿಟ್ಟ ವಿಂಡೋಸ್‌ಗೆ. ಪ್ರಿವ್ಯೂ ಅಂದರೆ ಫೋನ್ ಇಡುತ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ.

ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಇನ್‌ಸೈಡರ್‌ಗೆ ಸೇರಬೇಕಾದರೆ ಐಚ್ಛಿಕ ಡಯಾಗ್ನಾಸ್ಟಿಕ್ ಡೇಟಾ ಕಳಿಸಲು ಒಪ್ಪಲೇಬೇಕು. ಕ್ರ್ಯಾಶ್ ಆದಾಗ ಹೋಗುವ ಮೆಮೊರಿ ವರದಿಯಲ್ಲಿ ಆ ಕ್ಷಣ ತೆರೆದಿದ್ದ ಫೈಲಿನ ತುಣುಕು ಅರಿಯದೆ ಸೇರಬಹುದು ಅಂತ ಮೈಕ್ರೋಸಾಫ್ಟ್ ತಾನೇ ಬರೆದಿದೆ. ತೆರೆದಿದ್ದದ್ದು ಯಾರದೋ ರೇಷನ್ ಕಾರ್ಡ್ ಸ್ಕ್ಯಾನ್ ಆಗಿದ್ದರೆ?

ಪ್ರಿವ್ಯೂಗೆ ಆಯುಷ್ಯವೂ ಇದೆ. ವಿಂಡೋಸ್ ಕೀ ಜತೆ ಆರ್ ಒತ್ತಿ, ಇಂಗ್ಲಿಷಿನಲ್ಲಿ ವಿನ್‌ವರ್ ಅಂತ ಟೈಪ್ ಮಾಡಿದರೆ ಮುಗಿಯುವ ತಾರೀಕು ಕಾಣುತ್ತದೆ. ಅಪ್‌ಡೇಟ್ ನಿಲ್ಲಿಸಿ ಕೂತರೆ ಆ ತಾರೀಕಿನ ನಂತರ ಮಷಿನ್ ಕೆಲವು ಗಂಟೆಗೊಮ್ಮೆ ತಾನೇ ರೀಸ್ಟಾರ್ಟ್ ಆಗತೊಡಗಿ, ಕೊನೆಗೆ ಬೂಟ್ ಆಗುವುದನ್ನೇ ಬಿಡುತ್ತದೆ. ಅಪ್‌ಡೇಟ್ ಬಿಟ್ಟುಕೊಂಡರೆ ಸಲಕ್ಕೆ ಹಲವು ಜಿಬಿ ಡೌನ್‌ಲೋಡ್, ಅದೂ ಮೊಬೈಲ್ ಹಾಟ್‌ಸ್ಪಾಟ್ ಮೇಲೆ. ಬೇಸಿಗೆಯಲ್ಲಿ ನಡುವೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಆ ದಿನದ ವ್ಯಾಪಾರ ಅಷ್ಟಕ್ಕೇ.

"ಲಕ್ಷಗಟ್ಟಲೆ ಮಂದಿ ಪರೀಕ್ಷೆ ಮಾಡ್ತಾರ, ಏನಾಗ್ತದ" ಎನ್ನುವ ಧೈರ್ಯ ಬೇಡ. 2018ರ ಅಕ್ಟೋಬರ್ 2ರಂದು ಹೊರಬಂದ ವಿಂಡೋಸ್ 10ರ 1809 ಪೂರ್ಣ ಆವೃತ್ತಿಯೇ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನು ಅಳಿಸಿತು. ಕೆಲವೇ ದಿನದಲ್ಲಿ ಅದನ್ನು ತಡೆಹಿಡಿದು ನವೆಂಬರ್‌ನಲ್ಲಿ ಮತ್ತೆ ಬಿಟ್ಟರು. ಪರೀಕ್ಷಕರಲ್ಲಿ ಕೆಲವರು ಈ ದೂರನ್ನು ಮೊದಲೇ ಹಾಕಿದ್ದರು, ರಾಶಿಯಲ್ಲಿ ಅದು ಕಣ್ಣಿಗೆ ಬೀಳಲಿಲ್ಲ.

ಈಗಾಗಲೇ ಹಾಕಿಸಿಕೊಂಡಿದ್ದರೆ ಹೀಗೆ ಮಾಡಿ. ಮೊದಲು ಅಪ್‌ಡೇಟ್ ತಡೆದಿಡಿ (ಪಾಜ್ ಮಾಡಿ), ಇನ್ನೊಂದು ಪೂರ್ಣ ಬಿಲ್ಡ್ ಇಳಿಯದಿರಲಿ. ಇದು ಮೊದಲ ಬಿಲ್ಡೇ ಆಗಿದ್ದು 10 ದಿನ ದಾಟಿಲ್ಲದಿದ್ದರೆ ಗೋ ಬ್ಯಾಕ್ ಕೆಲಸ ಮಾಡುತ್ತದೆ, ಇವತ್ತೇ ಒತ್ತಿ. ದಾಟಿದ್ದರೆ ಬೇರೆ ಹಾರ್ಡ್ ಡಿಸ್ಕ್‌ಗೆ ನಕಲು ತೆಗೆಯಿರಿ. ಡಿ ಡ್ರೈವ್ ಒಂದನ್ನೇ ನೋಡಿ ಬಿಟ್ಟರೆ ಸಾಲದು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎರಡೂ ಸಿ ಡ್ರೈವ್‌ನಲ್ಲಿವೆ. ಅಡತಿ ಅಂಗಡಿಯಾದರೆ ಟ್ಯಾಲಿ ತೆರೆದು ಡೇಟಾ ಪಾತ್ ನೋಡಿಕೊಳ್ಳಿ, ಬದಲಿಸಿರದಿದ್ದರೆ ಅದೂ ಸಿ ಒಳಗೇ ಇರುತ್ತದೆ. ಡಿಜಿಟಲ್ ಸಹಿ ಯುಎಸ್‌ಬಿ ಟೋಕನ್‌ನಲ್ಲಿದ್ದರೆ ಚಿಂತೆಯಿಲ್ಲ, ಟೋಕನ್‌ನ ಡ್ರೈವರ್ ಮತ್ತೆ ಹಾಕಿದರಾಯಿತು. ಫೈಲ್ ರೂಪದಲ್ಲಿ ವಿಂಡೋಸ್ ಒಳಗೆ ಸೇರಿಸಿದ್ದರೆ ಪಾಸ್‌ವರ್ಡ್ ಸಮೇತ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ.

ಲ್ಯಾಪ್‌ಟಾಪ್ ಆದರೆ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ನೋಡದೆ ಮುಂದಕ್ಕೆ ಹೋಗಬೇಡಿ. ಮೈಕ್ರೋಸಾಫ್ಟ್ ಖಾತೆಯಿಂದ ಸೆಟಪ್ ಮಾಡಿದ ಹೊಸ ಮಷಿನ್‌ಗಳಲ್ಲಿ ಡಿಸ್ಕ್ ತಾನೇ ಲಾಕ್ ಆಗಿರುವುದುಂಟು. ಬೂಟ್ ಕೆಟ್ಟ ಮೇಲೆ ಡೇಟಾ ತೆಗೆಯಲು 48 ಅಂಕಿಯ ರಿಕವರಿ ಕೀ ಬೇಕೇ ಬೇಕು, ಲಿನಕ್ಸ್ ಪೆನ್‌ಡ್ರೈವ್ ಹಚ್ಚಿದರೂ ಬೇಕು. ಆ ಕೀ ಸಿಗುವುದು ಸೆಟಪ್ ವೇಳೆ ಯಾರ ಮೇಲ್ ಐಡಿ ಹಾಕಿದ್ದರೋ ಅವರ ಖಾತೆಯಲ್ಲಿ. ಹಾಕಿಕೊಟ್ಟ ಹುಡುಗ ತನ್ನ ಐಡಿ ಹಾಕಿ, ಈಗ ಹೈದರಾಬಾದಿನಲ್ಲಿ ಕೆಲಸಕ್ಕಿದ್ದರೆ ನಿಮ್ಮ ಫೈಲುಗಳ ಬೀಗದ ಕೈ ಅವನ ಹತ್ತಿರ ಇದೆ.

ಆಮೇಲೆ 8 ಜಿಬಿ ಪೆನ್‌ಡ್ರೈವ್‌ನಲ್ಲಿ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಸೆಟಪ್ ಮಾಡಿಕೊಂಡು, ಸಿ ಪಾರ್ಟಿಷನ್ ಮಾತ್ರ ಅಳಿಸಿ ಹಾಕಿ. ಮದರ್‌ಬೋರ್ಡ್ ಅದೇ ಇದ್ದು ಡಿಜಿಟಲ್ ಲೈಸೆನ್ಸ್ ಮೊದಲೇ ಇದ್ದರೆ ಅದೇ ಎಡಿಷನ್ ಇಂಟರ್ನೆಟ್ ಹಚ್ಚಿದ ಮೇಲೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಹಳೆಯ ಕನ್ನಡ ಫೈಲುಗಳ ಸಾಲು, ಪುಟ ಅದಲುಬದಲಾದರೆ ಗಾಬರಿ ಬೇಡ. ತುಂಗಾ ಫಾಂಟ್ ಈಗ ವಿಂಡೋಸ್ ಜತೆ ತಾನಾಗಿ ಬರುವುದಿಲ್ಲ, ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಹಾಕಿಕೊಳ್ಳಬೇಕು. ನುಡಿಯ ಹಳೆಯ ಆಸ್ಕಿ ಫೈಲುಗಳು ವಿಚಿತ್ರ ಗುರುತುಗಳಾಗಿ ಕಂಡರೆ ಫಾಂಟ್ ಇಲ್ಲವೆಂದಷ್ಟೇ ಅರ್ಥ, ಫೈಲ್ ಕೆಟ್ಟಿಲ್ಲ.

ಹಳೆಯ ಮಷಿನ್‌ನಲ್ಲಿ ವಿಂಡೋಸ್ 10 ಇನ್ನೂ ಇದ್ದರೆ, ಆವೃತ್ತಿ 22ಎಚ್2 ಆಗಿದ್ದರೆ, ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಇಎಸ್‌ಯು ಯೋಜನೆ ಇತ್ತು. ಪ್ರಿವ್ಯೂಗೆ ಕೈ ಹಾಕುವ ಮೊದಲು ಅದನ್ನು ನೋಡಬೇಕಿತ್ತು. ಕೋರ್ 2 ಡ್ಯುಯೊ ಕಾಲದ ಮಷಿನ್‌ಗಂತೂ ಯಾವ ಸ್ಕ್ರಿಪ್ಟೂ ನಡೆಯದು. 24ಎಚ್2 ಆವೃತ್ತಿಯಿಂದ ಮುಂದೆ ಪ್ರೊಸೆಸರ್‌ನಲ್ಲಿ ಪಾಪ್‌ಸಿಎನ್‌ಟಿ ಸೂಚನೆ ಇಲ್ಲದಿದ್ದರೆ ವಿಂಡೋಸ್ 11 ಬೂಟ್ ಆಗುವುದೇ ಇಲ್ಲ.

ಕಲಿಯುವ ಆಸೆಯಿಂದಲೇ ಹಾಕುವ ವಿದ್ಯಾರ್ಥಿಗಳು ವರ್ಚುವಲ್‌ಬಾಕ್ಸ್‌ನಲ್ಲಿ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಕೊಟ್ಟು ಹಾಕಿ ನೋಡಲಿ. ಅಸಲಿ ಯಂತ್ರದ ಮೇಲೇ ಬೇಕು ಅಂದರೆ ಬೇರೆ ಎಸ್‌ಎಸ್‌ಡಿ ಹಚ್ಚಿ, ಇನ್‌ಸ್ಟಾಲ್ ಮುಗಿಯುವ ತನಕ ಮೂಲ ಡಿಸ್ಕ್‌ನ ಸಾಟಾ ಕೇಬಲ್ ಕಿತ್ತಿಡಬೇಕು. ಇಲ್ಲದಿದ್ದರೆ ಪ್ರಿವ್ಯೂ ತನ್ನ ಬೂಟ್ ಫೈಲುಗಳನ್ನು ಹಳೆಯ ಡಿಸ್ಕ್‌ನ ಇಎಫ್‌ಐ ಪಾರ್ಟಿಷನ್‌ಗೇ ಬರೆಯುತ್ತದೆ, ನಾಳೆ ಎಸ್‌ಎಸ್‌ಡಿ ತೆಗೆದರೂ ಬೂಟ್ ಮೆನುವಿನಲ್ಲಿ ಅದರ ಹೆಸರು ಉಳಿದಿರುತ್ತದೆ.