ಕಾರಿನಲ್ಲಿ ಮಂಗಳೂರು ಆಕಾಶವಾಣಿ (ಎಫ್‌ಎಂ 100.3) ಕೇಳಲು ನಾಲ್ಕು ಉಪಾಯ: ಮಂಗಳೂರಿನಿಂದ ಹೆಬ್ರಿಯವರೆಗೆ ನಾನೇ ಮಾಡಿ ನೋಡಿದ್ದು

ತಿಂಗಳಿಗೆ ಎರಡು ಸಲವಾದರೂ ಅಪ್ಪನನ್ನು ಮಂಗಳೂರಿನಿಂದ ಹೆಬ್ರಿಯ ಮನೆಗೆ ಕರೆದುಕೊಂಡು ಹೋಗುತ್ತೇನೆ. ಮೂಡುಬಿದಿರೆ, ಕಾರ್ಕಳ, ಅಜೆಕಾರು ದಾರಿ. ಅಪ್ಪನಿಗೆ ಕಾರಿನಲ್ಲಿ ಆಕಾಶವಾಣಿಯೇ ಆಗಬೇಕು. 1976ರಲ್ಲಿ ಮಂಗಳೂರು ನಿಲಯ ಶುರುವಾದಾಗಿನಿಂದ ಕೇಳುತ್ತ ಬಂದವರು. ನಮ್ಮ ಕಾರಿನಲ್ಲಿ ಮಾತ್ರ ಗುರುಪುರ ದಾಟುವಷ್ಟರಲ್ಲಿ 100.3 ಗೊರಗೊರ ಅನ್ನುತ್ತಿತ್ತು. ತಾಳಮದ್ದಲೆಯಲ್ಲಿ ಅರ್ಥಧಾರಿಯ ಮಾತು ಅರ್ಧಕ್ಕೇ ಮುಳುಗಿದಾಗ ಅಪ್ಪನ ಮುಖ ಸಪ್ಪಗಾಗುವುದನ್ನು ನೋಡಲು ಆಗುತ್ತಿರಲಿಲ್ಲ. ಭಾವನ ಹಳೆಯ ಮಾರುತಿ 800ರಲ್ಲಿ ಅದೇ ನಿಲಯ ಕಾರ್ಕಳದವರೆಗೂ ಸ್ಪಷ್ಟವಾಗಿ ಬರುತ್ತದೆ. ಅಂದರೆ ದೋಷ ಇರುವುದು ನಮ್ಮ ಕಾರಿನಲ್ಲೇ.

ಗುರುಪುರ, ಮೂಡುಬಿದಿರೆ, ಅಜೆಕಾರು, ಈ ಮೂರು ಕಡೆ ಪ್ರತಿಸಲವೂ ಅದೇ ಜಾಗದಲ್ಲಿ ನಿಲ್ಲಿಸಿ ಕೇಳಿದೆ. ಒಂದು ಪ್ರಯಾಣಕ್ಕೆ ಒಂದೇ ಬದಲಾವಣೆ.

ಏನನ್ನೂ ಕೊಳ್ಳುವ ಮೊದಲು ಮೊಬೈಲ್ ಚಾರ್ಜರ್ ಮತ್ತು ಡ್ಯಾಶ್‌ಕ್ಯಾಮ್ ವಯರ್ ಕಿತ್ತು ನೋಡಿ. ಅಗ್ಗದ ಚಾರ್ಜರ್ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವಾಗ ಹೊರಡಿಸುವ ಗದ್ದಲ ಎಫ್‌ಎಂ ಪಟ್ಟಿಗೂ ನುಗ್ಗುತ್ತದೆ. ಗುರುಪುರದ ಗೊರಗೊರ ಅರ್ಧ ಇಳಿದದ್ದು ಇಷ್ಟರಲ್ಲೇ. ಮುಂದಿನ ಪರೀಕ್ಷೆಗಳನ್ನೆಲ್ಲ ಅವನ್ನು ಕಿತ್ತಿಟ್ಟೇ ಮಾಡಿದೆ.

ಮೊದಲು ತಂದದ್ದು 450 ರೂಪಾಯಿಯ ಬೂಸ್ಟರ್. ಆಂಟೆನಾ ವಯರಿಗೂ ರೇಡಿಯೋಗೂ ನಡುವೆ ಸಿಕ್ಕಿಸುವಂಥದ್ದು. ಮೂಡುಬಿದಿರೆಯಲ್ಲಿ ಮಾತು ಜೋರಾಯಿತು, ಗೊರಗೊರವೂ ಅಷ್ಟೇ ಜೋರಾಯಿತು. ಮಂಗಳೂರಿನೊಳಗೆ ಇನ್ನೂ ಕಷ್ಟ: ಹತ್ತಿರದ ಖಾಸಗಿ ನಿಲಯಗಳ ಬಲವಾದ ಅಲೆಯನ್ನು ಅದು ಮತ್ತೂ ಹಿಗ್ಗಿಸಿ, ಒಂದರ ಹಾಡು ಇನ್ನೊಂದರ ಜಾಗದಲ್ಲಿ ಕೇಳತೊಡಗಿತು. ಆಂಟೆನಾವೇ ಸರಿ ಹಿಡಿಯದಿದ್ದರೆ ಬೂಸ್ಟರ್ ಏನೂ ಮಾಡಲಾರದು. ತೆಗೆದುಹಾಕಿದೆ.

ಗಾಜಿಗೆ ಅಂಟಿಸುವ ಆಂಟೆನಾ, 600 ರೂಪಾಯಿ. ಗುರುಪುರದಲ್ಲಿ ತುಸು ಮೇಲು, ಮೂಡುಬಿದಿರೆಯಲ್ಲಿ ವ್ಯತ್ಯಾಸವೇ ಇಲ್ಲ. ಏಪ್ರಿಲ್ ಬಿಸಿಲಿಗೆ ಅಂಟೂ ಬಿಟ್ಟಿತು.

ಮೂರನೆಯದು ಮೊಬೈಲಿನಲ್ಲಿ ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್. ಧ್ವನಿಯ ಶುದ್ಧಿಯಲ್ಲಿ ಇದಕ್ಕೆ ಸಾಟಿ ಬೇರೆ ಯಾವುದೂ ಇಲ್ಲ. ಕಾರ್ಕಳದವರೆಗೆ ಒಂದಕ್ಷರ ತಪ್ಪಲಿಲ್ಲ. ಅಜೆಕಾರಿನಿಂದ ಮುಂದೆ ನೆಟ್‌ವರ್ಕ್ ಹೋದಲ್ಲಿ ಮಾತ್ರ ಪೂರ್ತಿ ಮೌನ. ರೇಡಿಯೋ ಆದರೆ ಕ್ಷೀಣವಾಗಿಯಾದರೂ ಕೇಳುತ್ತದೆ, ಕಥೆಯ ಎಳೆ ತಪ್ಪುವುದಿಲ್ಲ. ಮತ್ತೆ ಪ್ರತಿಸಲ ಅದನ್ನು ಚಾಲೂ ಮಾಡಲು ಸ್ಟೀರಿಂಗ್ ಹಿಡಿದ ನಾನೇ ಬೇಕು, ಅದು ನನಗೆ ಒಪ್ಪಿಗೆಯಿಲ್ಲ.

ಕೊನೆಗೆ ಮಾಡಿದ್ದು ಮೊದಲೇ ಮಾಡಬೇಕಾಗಿದ್ದ ಕೆಲಸ: ಕಾರಿನ ಮೇಲಿನ ಆಂಟೆನಾ ಬಿಚ್ಚಿ ನೋಡುವುದು. ಹಲಸಿನ ಗೆಲ್ಲು ತಾಗಿ ಹಳೆಯ ಕಡ್ಡಿ ಮುರಿದಾಗ ಅಂದಕ್ಕೆಂದು ಬೆರಳುದ್ದದ್ದು ಹಾಕಿಸಿಕೊಂಡಿದ್ದೆ. 100 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲುಭಾಗ, ಅಂದರೆ 75 ಸೆಂಟಿಮೀಟರ್ ಕಡ್ಡಿ ಅದನ್ನು ಚೆನ್ನಾಗಿ ಹಿಡಿಯುತ್ತದೆ. ಗಿಡ್ಡ ಆಂಟೆನಾ ಕೆಲಸ ಮಾಡಬೇಕಾದರೆ ಬುಡದಲ್ಲೊಂದು ಸಣ್ಣ ಆಂಪ್ಲಿಫೈಯರ್ ಬೇಕು, ಅದಕ್ಕೆ ಸ್ಟೀರಿಯೋದ ನೀಲಿ ವಯರಿನಿಂದ 12 ವೋಲ್ಟ್ ಬರಬೇಕು. ನಮ್ಮದರಲ್ಲಿ ಟಚ್ ಸ್ಕ್ರೀನ್ ಸ್ಟೀರಿಯೋ ಹಾಕಿದವರು ಆ ವಯರಿಗೆ ಟೇಪ್ ಸುತ್ತಿ ಹಾಗೇ ಬಿಟ್ಟಿದ್ದರು! ಸಾಲದ್ದಕ್ಕೆ ಉಪ್ಪುಗಾಳಿಗೆ ಬುಡವೆಲ್ಲ ತುಕ್ಕು. ಆಂಟೆನಾಕ್ಕೆ ಕಾರಿನ ತಗಡಿನ ಜೊತೆ ಅರ್ಥಿಂಗೇ ಉಳಿದಿರಲಿಲ್ಲ.

ನೀಲಿ ವಯರ್ ಸೇರಿಸಿ, ಬುಡವನ್ನು ಮರಳು ಕಾಗದದಿಂದ ಉಜ್ಜಿ ಬಿಗಿದೆ. ಮೂಡುಬಿದಿರೆ ಸ್ಪಷ್ಟವಾಯಿತು. ಮುಂದಿನ ಪ್ರಯಾಣಕ್ಕೆ ಗಿಡ್ಡದರ ಜಾಗದಲ್ಲಿ 250 ರೂಪಾಯಿಯ ಉದ್ದ ಕಡ್ಡಿ ತಿರುಪಿದೆ. ಕಾರ್ಕಳ ದಾಟಿದರೂ ಮಾತು ನಿಲ್ಲಲಿಲ್ಲ. ಅಪ್ಪ ಸೀಟಿಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ನೋಡಲು ಗಿಡ್ಡದ್ದು ಚಂದ, ನಾನು ಉದ್ದದ್ದನ್ನೇ ಇಟ್ಟುಕೊಂಡಿದ್ದೇನೆ.

ಅಜೆಕಾರಿನಿಂದ ಮುಂದೆ ಗುಡ್ಡಗಳು ಅಡ್ಡ ಬರುತ್ತವೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರಕ್ಕೇ ಹೋಗುವಂಥದ್ದು, ಅಲ್ಲಿ ಯಾವ ಆಂಟೆನಾವೂ ಪೂರ್ತಿ ಗೆಲ್ಲುವುದಿಲ್ಲ. ನಿಂತಲ್ಲಿ ಮಾತು ಮಾಯವಾದರೆ ಕಾರನ್ನು ಒಂದು ಮೀಟರಿನಷ್ಟು ಮುಂದೆ ತನ್ನಿ. ಗುಡ್ಡಕ್ಕೆ ಬಡಿದು ಬಂದ ಅಲೆಯೂ ನೇರ ಬಂದದ್ದೂ ಕೆಲವು ಬಿಂದುಗಳಲ್ಲಿ ಒಂದನ್ನೊಂದು ಅಳಿಸುತ್ತವೆ, ತುಸು ಸರಿದರೆ ಮತ್ತೆ ಕೇಳುತ್ತದೆ. ಸೆಟ್ಟಿಂಗಿನಲ್ಲಿ ಮೋನೋ (ಎಲ್ಲ ಸ್ಪೀಕರಿಗೂ ಒಂದೇ ಧ್ವನಿ) ಇದ್ದರೆ ಅದನ್ನೇ ಹಾಕಿ, ದುರ್ಬಲ ಅಲೆಯಲ್ಲಿ ಎಡ-ಬಲ ಬೇರೆಬೇರೆಯಾಗಿ ಬರುವ ಸ್ಟೀರಿಯೋ ಧ್ವನಿ ಹೆಚ್ಚು ಗೊರಗುಟ್ಟುತ್ತದೆ.

ಕರಾವಳಿಯವರು ಮಳೆಗಾಲಕ್ಕೆ ಮುಂಚೆ ಕಡ್ಡಿ ಬಿಚ್ಚಿ, ತುಕ್ಕು ಉಜ್ಜಿ, ಬಿಗಿದ ಮೇಲೆ ಬುಡದ ಸುತ್ತ ಹೊರಗಿನಿಂದ ತೆಳ್ಳಗೆ ವ್ಯಾಸಲೀನ್ ಸವರಿ. ನಾನು ಮೇ ಕೊನೆಯ ವಾರ ಮಾಡುತ್ತೇನೆ, ಐದು ನಿಮಿಷದ ಕೆಲಸ.